ಬೋಳು ತಲೆಯ ಸಾಕ್ಷಿ

ನಮ್ಮ ವಕೀಲರ ಎಡಗಾಲಿನ ಹೆಬ್ಬೆರಳಿಗೆ ಅವರ ಮುಖಕ್ಕಿಂತ ಹೆಚ್ಚು ಮಾತು ಬರುತ್ತಿತ್ತು. ಮನೆಯ ಮುಂಭಾಗದ ಆಫೀಸು ಕೋಣೆಯಲ್ಲಿ ಅವರು ಬೆತ್ತದ ಕುರ್ಚಿಯ ಮೇಲೆ ಬಲಗಾಲು ಮಡಿಸಿ, ಎಡಗಾಲನ್ನು ಅದರ ಮೇಲೆ ಹಾಕಿ ಕೂರುತ್ತಿದ್ದರು. ಪಂಚೆಯ ಅಂಚಿನಿಂದ ಹೊರಗೆ ಚಾಚಿದ ಆ ಪಾದದಲ್ಲಿ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಂದ ದೂರ, ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಅಣ್ಣನ ಹಾಗೆ ನಿಂತಿರುತ್ತಿತ್ತು. ಕಕ್ಷಿದಾರ ಹೇಳುವುದು ಮಾಮೂಲಿ ಮಾತಾದರೆ ಅದು ತೆಪ್ಪಗೆ ಮಲಗಿರುತ್ತಿತ್ತು. ಏನಾದರೂ ಕುತೂಹಲ ಹುಟ್ಟಿಸಿದರೆ ನಿಧಾನವಾಗಿ ಎದ್ದು ಗಾಳಿಯಲ್ಲಿ ಸುತ್ತತೊಡಗುತ್ತಿತ್ತು. ನಿಜವಾಗಿ ಮುಖ್ಯವಾದ ಸಂಗತಿ ಬಂದಾಗ, ಸುತ್ತುತ್ತಿದ್ದದ್ದು ಗಕ್ಕನೆ ನಿಂತುಬಿಡುತ್ತಿತ್ತು. ಬಂದವರೆಲ್ಲ ಅವರ ಮುಖವನ್ನೇ ನೋಡಿ ಏನೂ ತಿಳಿಯದೆ ಎದ್ದು ಹೋಗುತ್ತಿದ್ದರು. ಮೂಲೆಯಲ್ಲಿ ಟೈಪ್‌ರೈಟರಿನ ಮುಂದೆ ಕೂತ ನಾನು ಮಾತ್ರ ಹೆಬ್ಬೆರಳು ನೋಡಿಕೊಂಡೇ ಕೇಸಿನ ಭವಿಷ್ಯ ಹೇಳುವವಳಾಗಿದ್ದೆ.

ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಅವರ ಮನೆ. ಅವರ ಹಳೆಯ ಟೈಪಿಸ್ಟ್ ಮಂಡ್ಯದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಹೊರಟುಹೋದಾಗ, ಮೇಷ್ಟರಾಗಿದ್ದ ನಮ್ಮ ತಂದೆ ನನ್ನನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರು. ಹೆಣ್ಣುಮಗಳೊಬ್ಬಳು ವಕೀಲರ ಆಫೀಸಿನಲ್ಲಿ ಕೂತು ಟಕಟಕ ಎನ್ನಿಸುವುದು ಆಗ ನಮ್ಮ ಬೀದಿಗೆ ಹೊಸದು. ನನ್ನ ಟೈಪಿಂಗ್ ಸರ್ಟಿಫಿಕೇಟನ್ನು ನೋಡಿದ ವಕೀಲರು ನನ್ನ ವೇಗ ಕೇಳಲಿಲ್ಲ. “ಕಣ್ಣು ಕಟ್ಟಿಕೊಂಡು ಟೈಪ್ ಮಾಡ್ತೀಯಂತೆ, ಹೌದೇನಮ್ಮ? ಹಾಗಾದರೆ ತಪ್ಪು ಹೊಡೆದಾಗ ಬೆರಳಿಗೆ ಗೊತ್ತಾಗತ್ತಾ, ಕಣ್ಣಿಗೆ ಗೊತ್ತಾಗತ್ತಾ?” ಎಂದು ಕೇಳಿದರು. ನಾನು ಯೋಚಿಸಿ, ಬೆರಳಿಗೆ ಎಂದೆ. ಹೆಬ್ಬೆರಳು ಎದ್ದು ಎರಡು ಸುತ್ತು ಸುತ್ತಿತು. ಕೆಲಸ ಸಿಕ್ಕಿತು.

ಅವರಿಗೆ ಪ್ರಶ್ನೆಯೊಂದು ರೋಗ. ಜಟಕಾ ಹತ್ತಿದರೆ ಸಾಬರನ್ನು, ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ, ಕನಸು ಬಿದ್ದರೆ ಅದೂ ಬೀಳುವುದಿಲ್ಲವೇ ಎಂದು ಕೇಳುತ್ತಿದ್ದರು. ಹೂವಿನವಳನ್ನು, ನಿನ್ನ ಮೊಳ ಉದ್ದವೋ ನಿನ್ನ ಸೊಸೆಯ ಮೊಳ ಉದ್ದವೋ, ಗಿರಾಕಿಗಳಿಗೆ ಅದು ಗೊತ್ತೋ ಎಂದು ಕೇಳಿ ಅತ್ತೆ ಸೊಸೆಗೆ ಜಗಳ ತಂದಿಟ್ಟಿದ್ದರು. ಮಾರ್ಕೆಟ್ಟಿಗೆ ಹೋದವರು ಈರನಗೆರೆ ಬದನೆಕಾಯಿ ಮಾರುವವನ ಹತ್ತಿರ ಒಂದು ಗಂಟೆ ಕಳೆದು, ಬದನೆಕಾಯಿಯ ಬಗ್ಗೆ ಸಕಲವನ್ನೂ ತಿಳಿದುಕೊಂಡು, ಬದನೆಕಾಯಿ ತರುವುದನ್ನು ಮರೆತು ಬರುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದವರು, ಖಾಲಿ ಚೀಲವನ್ನು ಕೊಡವಿ ತೋರಿಸುತ್ತಾ ಹೇಳುತ್ತಿದ್ದರು: “ನೋಡ್ತಿರು, ಯಮ ಬಂದು ಇವರನ್ನ ಹೊರಡಿ ಅಂದರೂ, ಕೋಣಕ್ಕೆ ಏನು ಮೇವು ಹಾಕ್ತೀಯಪ್ಪ ಅಂತ ಕೇಳ್ತಾ ನಿಂತುಬಿಡ್ತಾರೆ.”

ನನಗೂ ಮೊದಮೊದಲು ಸಿಟ್ಟು ಬರುತ್ತಿತ್ತು. ಟೈಪ್ ಮಾಡಬೇಕಾದ ಕಾಗದ ಬೆಟ್ಟದಷ್ಟು ಬಿದ್ದಿರುವಾಗ, ಗಡಿ ವ್ಯಾಜ್ಯಕ್ಕೆ ಬಂದ ರೈತನ ಬಳಿ ಇವರು ಅವನ ಎತ್ತುಗಳ ಹೆಸರು ಕೇಳುತ್ತಿದ್ದರು. ಒಮ್ಮೆ ತಡೆಯಲಾರದೆ, “ಇದೆಲ್ಲ ಕೇಸಿಗೆ ಬೇಕಾ ಸಾರ್?” ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಬೇಕಾದ್ದನ್ನೇ ಕೇಳಿದರೆ ಬೇಕಾದ್ದಷ್ಟೇ ಸಿಗತ್ತೆ ಕಣಮ್ಮ,” ಎಂದರು. ಆಗ ನನಗೆ ಅದು ಸೋಮಾರಿಗಳ ಸಮಜಾಯಿಷಿಯ ಹಾಗೆ ಕೇಳಿಸಿತು.

ಅರವತ್ತೊಂದನೆಯ ಇಸವಿಯ ಬೇಸಿಗೆ. ನಮ್ಮ ಬೀದಿಗೆ ದಿನಾ ಸೊಪ್ಪು ತರುತ್ತಿದ್ದ ಹೆಂಗಸು ಒಂದು ಬೆಳಗ್ಗೆ ಬುಟ್ಟಿಯಿಲ್ಲದೆ ಬಂದು ವಕೀಲರ ಮನೆಯ ಗೇಟಿನ ಹತ್ತಿರ ನಿಂತಳು. ಗಂಡ ಸತ್ತು ಎಷ್ಟೋ ವರ್ಷವಾಗಿದ್ದ ಒಂಟಿ ಹೆಂಗಸು. ಬೇರೆ ಯಾರಾದರೂ ಆಗಿದ್ದರೆ ಅವಳು ಬಾಯಿ ಬಿಡಲಿ ಎಂದು ಕಾಯುತ್ತಿದ್ದರು, ಇಲ್ಲವೇ ನೋಡದ ಹಾಗೆ ಒಳಗೆ ಹೋಗುತ್ತಿದ್ದರು. ಇವರು ಪೇಪರು ಮಡಿಸಿಟ್ಟು ಕೂಗಿದರು: “ಇವತ್ತು ಬುಟ್ಟಿ ಎಲ್ಲಿ?”

ಅಷ್ಟು ಸಾಕಾಯಿತು. ಅವಳು ಗೇಟು ಹಿಡಿದುಕೊಂಡೇ ಅಳಲು ಶುರು ಮಾಡಿದಳು.

ಅವಳ ಒಬ್ಬನೇ ಮಗ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನಿಗೆ ನಂಜನಗೂಡಿನ ರಸ್ತೆಯ ಒಂದು ಹಳ್ಳಿಯಲ್ಲಿ ಹೆಣ್ಣು ಗೊತ್ತು ಮಾಡಲು ಹೋದ ನೆಂಟನೊಬ್ಬ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಹಾಗೆ ಹುಡುಗನಿಗೆ ಸ್ವಂತ ಸೈಕಲ್ ಇದೆ ಎಂದುಬಿಟ್ಟಿದ್ದ. ಹುಡುಗ ಹೆಣ್ಣು ನೋಡಲು ಹೋಗಬೇಕಾದ ಭಾನುವಾರ ಬಂತು. ಮಿಲ್ಲಿಗೆ ಹೋಗಿ ಬರುವ ದಾರಿಯಲ್ಲಿ, ಯಾದವಗಿರಿಯ ಒಂದು ಬಂಗಲೆಯ ಗೇಟಿಗೆ ಒರಗಿ ನಿಂತಿರುತ್ತಿದ್ದ ಹಸಿರು ಸೈಕಲ್ಲನ್ನು ಅವನು ಎಷ್ಟೋ ತಿಂಗಳಿಂದ ನೋಡುತ್ತಿದ್ದ. ಅದಕ್ಕೆ ಬೀಗ ಹಾಕುತ್ತಿರಲಿಲ್ಲ. ಬೆಳಗ್ಗೆ ತೆಗೆದುಕೊಂಡು ಹೋದ. ಸಂಜೆ ಅದೇ ಗೇಟಿಗೆ ಒರಗಿಸಲು ತಳ್ಳಿಕೊಂಡು ಬಂದ. ಅಲ್ಲಿ ಸೈಕಲ್ಲಿನ ಯಜಮಾನರಾದ ನಿವೃತ್ತ ಅಧಿಕಾರಿಯೂ ಪೊಲೀಸಿನವನೂ ನಿಂತಿದ್ದರು.

ಊರಲ್ಲಿ ಆಗ ಸೈಕಲ್ ಕಳವು ವಿಪರೀತವಾಗಿತ್ತು. ಹುಡುಗನಿಗೆ ವಕೀಲರಿರಲಿಲ್ಲ. ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕೆ, “ತಕ್ಕಂಡೆ ಸ್ವಾಮಿ” ಎಂದು ಕೈಮುಗಿದ. ಅವರು ಎರಡು ವರ್ಷ ಕಠಿಣ ಸಜೆ ಬರೆದರು. ತೀರ್ಪಿನ ನಕಲು ಬಂದಾಗ ನಾನೇ ಅದನ್ನು ಟೈಪ್ ಮಾಡಿದೆ: ಆರೋಪಿ ಇಪ್ಪತ್ತಮೂರು ವರ್ಷದ, ತಿಳಿವಳಿಕೆ ಬಂದ ಗಂಡಸು, ಇಂಥವರಿಗೆ ಕನಿಕರ ತೋರಿಸಿದರೆ ಊರಿನಲ್ಲಿ ಒಂದು ಸೈಕಲ್ಲೂ ಉಳಿಯುವುದಿಲ್ಲ, ಇದು ಇತರರಿಗೆ ಪಾಠವಾಗಬೇಕು.

“ಇತರರಿಗೆ ಪಾಠ, ಸರಿ. ಫೀಸು ಮಾತ್ರ ಇವನು ಕಟ್ಟಬೇಕು,” ಎಂದರು ವಕೀಲರು. ತಾನೇ ಒಪ್ಪಿಕೊಂಡಿದ್ದರಿಂದ ತಪ್ಪಿಲ್ಲ ಎಂದು ವಾದಿಸುವಂತಿರಲಿಲ್ಲ. ಶಿಕ್ಷೆ ಹೆಚ್ಚಾಯಿತು ಎಂದಷ್ಟೇ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದಿತ್ತು. ಅದರಲ್ಲೂ ಅವರಿಗೆ ಒಂದು ಬಾಗಿಲು ಕಾಣಿಸಿತ್ತು. ಇಪ್ಪತ್ತೊಂದು ತುಂಬದವರು ಮೊದಲ ಸಲ ತಪ್ಪು ಮಾಡಿದ್ದರೆ, ಜೈಲೇ ಯಾಕೆ ಬೇಕು ಎಂದು ಕಾರಣ ಬರೆಯದೆ ಅವರನ್ನು ಜೈಲಿಗೆ ಕಳಿಸುವಂತಿಲ್ಲ; ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದು ಎನ್ನುವ ಕಾನೂನಿತ್ತು. ಆದರೆ ಇವನಿಗೆ ಇಪ್ಪತ್ತಮೂರು. ನಾನು ಅಪೀಲಿನ ಕರಡಿನಲ್ಲೂ ಇಪ್ಪತ್ತಮೂರು ಎಂದೇ ಹೊಡೆದೆ.

“ಇಪ್ಪತ್ತಮೂರು ಅಂತ ಯಾರು ಹೇಳಿದರು?” ಎಂದು ಕೇಳಿದರು.

“ಕಾಗದದಲ್ಲಿದೆ ಸಾರ್. ಮಿಲ್ಲಿನ ರಿಜಿಸ್ಟರಿನಿಂದ ತೆಗೆದದ್ದು.”

“ಕಾಗದಕ್ಕೆ ಯಾರು ಹೇಳಿದರು?”

ಅವರು ಅವತ್ತೇ ಜೈಲಿಗೆ ಹೋಗಿ ಹುಡುಗನನ್ನು ಕಂಡು ಬಂದರು. ಬಂದವರು ಕೋಟು ಬಿಚ್ಚುವ ಮೊದಲೇ ನನಗೆ ಹೇಳಿದರು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಹುಡುಗ, “ಮಿಲ್ಲಲ್ಲಿ ಇಪ್ಪತ್ಮೂರು ಸ್ವಾಮಿ” ಎಂದನಂತೆ. “ಮನೇಲಿ?” ಎಂದು ಕೇಳಿದರೆ ನೆಲ ನೋಡಿಕೊಂಡು, “ಅವ್ವನ್ನ ಕೇಳ್ಬೇಕು” ಎಂದನಂತೆ.

ಅವ್ವನನ್ನು ಕೇಳಿದರು. ಅವಳು ಕಲ್ಲಿನ ಹಾಗೆ ನಿಂತಳು. “ಇಪ್ಪತ್ಮೂರೇ ಬುದ್ದಿ. ಮಿಲ್ಲಲ್ಲಿ ಬರ್ಕಂಡವ್ರಲ್ಲ, ಅದೇಯ.” ಹಾಗಾದರೆ ಹುಟ್ಟಿದ ವರ್ಷ ಯಾವುದು ಎಂದರೆ ಗೊತ್ತಿಲ್ಲ. ಶಾಲೆಗೆ ಹೋದವನಲ್ಲ. ಜಾತಕ ಬರೆಸುವ ಮನೆತನವಲ್ಲ. ನನಗೆ ಆಗ ತಾನೇ ಇಪ್ಪತ್ತೊಂದು ತುಂಬಿತ್ತು. ಹುಟ್ಟಿದ ದಿನವಷ್ಟೇ ಅಲ್ಲ, ಗಳಿಗೆ ವಿಗಳಿಗೆಯೂ ನನ್ನ ಜಾತಕದ ಸುರುಳಿಯಲ್ಲಿ ಅರಿಶಿನ ಹಚ್ಚಿಸಿಕೊಂಡು ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಅದರಿಂದ ನನಗೆ ಆದ ಉಪಯೋಗ ಎಂದರೆ ಬಂದ ಗಂಡುಗಳೆಲ್ಲ ನಕ್ಷತ್ರ ಕೂಡಲಿಲ್ಲ ಎಂದು ಹೇಳಿಕೊಂಡು ಹೋಗುತ್ತಿದ್ದದ್ದು. ಇಲ್ಲಿ ಒಬ್ಬನ ಎರಡು ವರ್ಷ ಉಳಿಯುವುದಕ್ಕೆ ಅಂಥ ಒಂದು ಚೂರು ಕಾಗದವೂ ಇರಲಿಲ್ಲ.

ಅಪೀಲು ಹಾಕಿದ್ದಾಯಿತು. ವಿಚಾರಣೆಯ ದಿನ ಹತ್ತಿರ ಬರುತ್ತಿತ್ತು. ಹುಡುಗನಿಗೆ ಜಾಮೀನು ನಿಲ್ಲುವವರು ಸಿಗದೆ ಅವನು ಜೈಲಿನಲ್ಲೇ ಇದ್ದ. ತಾಯಿ ದಿನಾ ಸೊಪ್ಪು ಮಾರಿ ಮುಗಿಸಿ ವಕೀಲರ ಮನೆಯ ಹಿತ್ತಲಿಗೆ ಬಂದು ಬಾವಿಯ ಹತ್ತಿರ ಕೂರುತ್ತಿದ್ದಳು. ಒಳಗೆ ಬಂದು ಕೂತುಕೋ ಎಂದರೆ ಬರುತ್ತಿರಲಿಲ್ಲ. ಅಪೀಲು ಎಂದರೆ ದಿನಾ ಬಂದು ಕಾಯಬೇಕಾದದ್ದು ಎಂದು ಅವಳು ತಿಳಿದಿದ್ದಳೋ ಏನೋ.

ಒಂದು ದಿನ ವಕೀಲರು ನನ್ನನ್ನು ಕರೆದರು. “ನಾನು ಕೇಳಿದರೆ ಅವಳು ಹೆದರ್ತಾಳೆ. ನೀನು ಹೋಗಿ ಸ್ವಲ್ಪ ಹೊತ್ತು ಮಾತಾಡಿಸು.”

“ವಯಸ್ಸು ಕೇಳಲಾ ಸಾರ್?”

“ವಯಸ್ಸೊಂದು ಬಿಟ್ಟು ಬೇರೆ ಏನಾದರೂ ಕೇಳು. ನಿನಗೆ ಏನು ತಿಳ್ಕೋಬೇಕು ಅನ್ನಿಸತ್ತೋ ಅದನ್ನ.”

ನನಗೆ ಏನೂ ತಿಳಿದುಕೊಳ್ಳಬೇಕು ಅನ್ನಿಸಿರಲಿಲ್ಲ. ಮಾಡಬೇಕಾದ ಕೆಲಸ ಬಿದ್ದಿತ್ತು. ಗೊಣಗಿಕೊಂಡೇ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಅವಳು ಕೆಳಗೆ ಕೂತು ಅಮ್ಮನವರಿಗಾಗಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಬರುತ್ತಿರಲಿಲ್ಲ. ನಾನೂ ಎರಡು ದಂಟು ಎತ್ತಿಕೊಂಡು, ಬೇರೇನೂ ತೋಚದೆ, “ನಿಮ್ಮ ಯಜಮಾನರು ಏನು ಮಾಡ್ತಿದ್ದರು?” ಎಂದೆ.

ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು ಎಂದಳು. ಹೇಗಿದ್ದರು ಎಂದೆ. ಅವಳ ಮುಖ ನಾನು ಎಂದೂ ನೋಡದ ಹಾಗೆ ಅರಳಿತು.

“ಏನ್ ಮೀಸೆ ಅಂತೀಯ ಕಣವ್ವ! ದಿನಾ ಎಣ್ಣೆ ಆಕಿ ತಿರುವೋರು. ಅದುನ್ನೂ ಒಂದ್ಸಲ ಬೋಳಿಸ್ಕಂಡು ಬಂದು ನನ್ನ ಜೀವ ಆರಿಸ್ಬುಟ್ಟಿದ್ರು.”

“ಯಾಕೆ?”

“ನಾನು ತೌರ್ನಲ್ಲಿದ್ದೆ. ಎರಿಗೆ ಆಗಿ ಹತ್ತು ಹನ್ನೆರಡು ದಿನ ಆಗಿತ್ತು. ಕೂಸು ನೋಡಾಕೆ ಬಂದ್ರು ನೋಡು, ತಲೇನೂ ಬೋಳು, ಮೀಸೇನೂ ಬೋಳು! ಅಯ್ಯೋ ನಮ್ಮತ್ತೆ ಓಗ್ಬುಟ್ರು ಅಂತ ನಾನು ಗೋಳಾಡಾಕೆ ಸುರು ಮಾಡ್ದೆ. ನಾನು ಅಳೋದ ಕಂಡು ನಮ್ಮವ್ವನೂ ಎದೆ ಬಡ್ಕಂಡ್ಳು. ಬೀದಿಯೋರೆಲ್ಲ ಬಂದ್ಬುಟ್ರು. ಇವರು ಕಂಬ ನಿಂತಂಗೆ ನಿಂತವ್ರೆ, ಮಾತಾಡಾಕೆ ನಾವು ಬುಟ್ರೆ ತಾನೆ? ಕಡೀಕೆ ಕೂಗ್ದ್ರು, ‘ಸುಮ್ಕಿರ್ರೇ! ನಮ್ಮವ್ವ ಗಟ್ಟಿಮುಟ್ಟಾಗವ್ಳೆ. ಓಗಿರೋದು ಮಾರಾಜ್ರು!’ ಆಮ್ಯಾಕೆ ಎಲ್ರೂ ಮಾರಾಜ್ರಿಗೆ ಅಂತ ಇನ್ನೊಂದು ಕಿತ ಅತ್ತೋ ಕಣವ್ವ.”

ನನಗೆ ನಗು ತಡೆಯಲಾಗಲಿಲ್ಲ. ಅವಳೂ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಒಳಗೆ ಬಂದು, ಒಂದು ತಮಾಷೆ ಕೇಳಿ ಸಾರ್ ಎಂದು ವಕೀಲರಿಗೆ ಅದನ್ನು ಅವಳ ಧಾಟಿಯಲ್ಲೇ ಹೇಳತೊಡಗಿದೆ. ಹೆಬ್ಬೆರಳು ಖುಷಿಯಿಂದ ಸುತ್ತುತ್ತಿತ್ತು. ಮಾರಾಜ್ರು ಎಂದ ಕೂಡಲೇ ನಿಂತಿತು.

“ಆ ಕೂಸು ಯಾವುದು?” ಎಂದರು.

ನಾನು ಕೇಳಿರಲಿಲ್ಲ! ಹಿತ್ತಲಿಗೆ ಓಡಿದೆ. “ಅವರು ನೋಡೋಕೆ ಬಂದ ಕೂಸು ಯಾವುದು?”

“ಇನ್ಯಾವ್ದು, ಇವನೇಯ. ನಂಗೆ ಇರೋದೇ ಇವನೊಬ್ನು,” ಎಂದು ನಗುತ್ತಲೇ ಹೇಳಿದವಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ದಂಟು ಕೆಳಗೆ ಬಿತ್ತು. “ನಾ ಏನೂ ಏಳ್ನಿಲ್ಲ ಕಣವ್ವ. ನಾ ಏನೂ ಏಳ್ನಿಲ್ಲ.”

ಮಹಾರಾಜರು ತೀರಿಕೊಂಡ ವರ್ಷ ನನಗೆ ಬಾಯಿಪಾಠವಾಗಿತ್ತು. ಅವರು ಹೋಗುವುದಕ್ಕೆ ನಾಲ್ಕು ತಿಂಗಳು ಮೊದಲು ನೀನು ಹುಟ್ಟಿದೆ ಎಂದು ನಮ್ಮಜ್ಜಿ ನೂರು ಸಲ ಹೇಳಿದ್ದರು. ಹುಡುಗ ನನಗಿಂತ ನಾಲ್ಕು ತಿಂಗಳು ಚಿಕ್ಕವನು. ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಸಂತೋಷ ಪಡಬೇಕಾದ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು. ಆ ಹೆಂಗಸು ಅಷ್ಟು ದಿನಗಳ ಮೇಲೆ ಒಮ್ಮೆ ನಕ್ಕಿದ್ದಳು. ಆ ನಗುವನ್ನೇ ನಾನು ಒಳಗೆ ಹೋಗಿ ವರದಿ ಒಪ್ಪಿಸಿದ ಹಾಗಾಗಿತ್ತು. ಅವಳ ಹೆದರಿಕೆ ಏನೆಂಬುದು ಆಮೇಲೆ ತಿಳಿಯಿತು. ಹುಡುಗನಿಗೆ ಹದಿನೈದಾಗಿದ್ದಾಗ ಹದಿನೆಂಟು ಎಂದು ಹೇಳಿ ಮಿಲ್ಲಿಗೆ ಸೇರಿಸಿ ಅವಳು ಹೆಬ್ಬೆಟ್ಟು ಒತ್ತಿದ್ದಳು. ಸುಳ್ಳೆಂದು ಗೊತ್ತಾದರೆ ತಾಯಿ ಮಗ ಇಬ್ಬರನ್ನೂ ಒಳಗೆ ಹಾಕುತ್ತಾರೆ ಎಂದು ಅಲ್ಲಿನ ಮೇಸ್ತ್ರಿ ಆಗಲೇ ಹೆದರಿಸಿದ್ದ. ಮಗ ಸೈಕಲ್ಲಿಗಾಗಿ ಎರಡು ವರ್ಷ ಒಳಗಿರುವಾಗ, ಮೂರು ವರ್ಷ ವಯಸ್ಸು ಕದ್ದದ್ದಕ್ಕೆ ಇನ್ನೆಷ್ಟು ಹಾಕುತ್ತಾರೋ ಎಂದು ಅವಳು ಬಾಯಿ ಕಟ್ಟಿಕೊಂಡಿದ್ದಳು.

ವಕೀಲರು ಹಿತ್ತಲಿಗೆ ಬಂದು ಬಾಗಿಲಿನ ಮೆಟ್ಟಿಲ ಮೇಲೆ ಕೂತರು. ಅವರು ಅಲ್ಲಿ ಕೂತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. “ನೋಡಮ್ಮ, ಮಿಲ್ಲಿನ ಕೆಲಸ ಹೇಗೂ ಹೋಯ್ತು. ನಿನ್ನ ಹೆಬ್ಬೆಟ್ಟಿಗೋಸ್ಕರ ಯಾರೂ ನಿನ್ನ ಹಿಡಿದು ಹಾಕೋದಿಲ್ಲ ಅಂತ ನನ್ನ ನಂಬಿಕೆ. ಗ್ಯಾರಂಟಿ ಅಂತ ಹೇಳಲಾರೆ, ಕೋರ್ಟಿನ ವಿಷಯ. ನೀನು ಬೇಡ ಅಂದರೆ ಇದನ್ನ ನಾನು ಬರೆಯೋದಿಲ್ಲ. ಇವಳೂ ಕೇಳಿಲ್ಲ, ನಾನೂ ಕೇಳಿಲ್ಲ.”

ಅವಳು ಎದ್ದು ಹೋದಳು. ಬೇಡ ಅಂದರೆ ಬಿಟ್ಟುಬಿಡುತ್ತೀರಾ ಸಾರ್ ಎಂದು ನಾನು ಕೇಳಿದ್ದಕ್ಕೆ, “ಅವಳ ಮಗ, ಅವಳ ಹೆಬ್ಬೆಟ್ಟು” ಎಂದಷ್ಟೇ ಹೇಳಿ ಬೇರೆ ಕಾಗದ ಎತ್ತಿಕೊಂಡರು. ಆ ದಿನ ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಅಮ್ಮನವರು ಮೈಯಲ್ಲಿ ಹುಷಾರಿಲ್ಲವೇನೋ ಎಂದು ಕಷಾಯ ಮಾಡಿದರು.

ಮಾರನೆಯ ಬೆಳಗ್ಗೆ ಅವಳು ಸೀದಾ ಮುಂಬಾಗಿಲಿನಿಂದ ಒಳಗೆ ಬಂದಳು. ಮೊದಲ ಸಲ. ನನ್ನ ಮೇಜಿನ ಮುಂದೆ ನಿಂತು ಹೆಬ್ಬೆರಳನ್ನು ಚಾಚಿ, “ಎಲ್ಲಿಗೆ ಒತ್ಬೇಕು ಏಳಿ,” ಎಂದಳು.

ತಾಯಿಯ ಮಾತೊಂದೇ ಸಾಲದು, ಮಗನಿಗಾಗಿ ಏನಾದರೂ ಹೇಳುತ್ತಾಳೆ ಎನ್ನುತ್ತಾರೆ. ಅವಳ ಗಂಡನ ತಲೆ ಬೋಳಿಸಿದವರು ಯಾರು ಎಂದು ವಕೀಲರು ಕೇಳಿದರು. ಲಷ್ಕರ್ ಮೊಹಲ್ಲಾದಲ್ಲಿ ಇನ್ನೂ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮುದುಕರು. ನಾನೂ ಜೊತೆಗೆ ಹೋದೆ. ಕ್ಷೌರದ ಅಂಗಡಿಯ ಮುಂದೆ ನಿಂತ ಹೆಣ್ಣೆಂದು ದಾರಿಯವರೆಲ್ಲ ನನ್ನನ್ನು ತಿರುತಿರುಗಿ ನೋಡುತ್ತಿದ್ದರು. ಕತ್ತಿ ಮಸೆಯಲು ಚರ್ಮ ಯಾವುದು ಒಳ್ಳೆಯದು, ಕನ್ನಡಿ ಎದುರುಬದುರಾಗಿ ಇಡುವುದು ಯಾಕೆ ಎಂದೆಲ್ಲ ಕೇಳಿ ಮುಗಿದ ಮೇಲೆ ನಮ್ಮ ವಕೀಲರು ಆ ದಿನಗಳ ಮಾತಿಗೆ ಬಂದರು. ಮುದುಕರಿಗೆ ಎಲ್ಲ ನೆನಪಿತ್ತು.

“ಎರಡು ದಿನ ಕೂತ್ಕಂಡಿಲ್ಲ ಸ್ವಾಮಿ ನಾನು. ಲಾಯದೋರು, ಆನೆ ಮಾವುತ್ರು, ಬೀದಿಯೋರು, ಸಾಲು ಅಂದ್ರೆ ಸಾಲು. ಲಾಯದ ಮೀಸೆಯೋನು ತಾನೆ? ಮುಂದಕ್ಕೆ ಬುಡಿ, ನಂಗೆ ಮಗ ಹುಟ್ಟವ್ನೆ, ಹೆಂಡ್ತಿ ಊರ್ಗೆ ಓಗ್ಬೇಕು ಅಂತ ಎಲ್ಲರ ಕೈಕಾಲು ಹಿಡೀತಿದ್ದ. ಕೂದ್ಲು ಬರೋಗಂಟ ಕೂಸಿನ ಮುಂದೆ ಓಗ್ಬೇಡ ಕಣೋ, ಶುಭ ಅಲ್ಲ ಅಂದೆ. ನೋಡ್ಬುಟ್ಟೇ ಬತ್ತೀನಿ ಅಂದ.”

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೆಬ್ಬೆರಳು ಬೂಟಿನೊಳಗೆ ಅಡಗಿದ್ದರಿಂದ ನನಗೆ ಏನೂ ಭವಿಷ್ಯ ತಿಳಿಯುತ್ತಿರಲಿಲ್ಲ. ಕಟಕಟೆಯ ಹತ್ತಿರ ನಿಂತಿದ್ದ ಹುಡುಗನನ್ನು ಆಗಲೇ ಮೊದಲು ನೋಡಿದ್ದು. ಉದ್ದ ಕೈಕಾಲು, ಜೈಲಿನ ಅಂಗಿ, ಮೂಗಿನ ಕೆಳಗೆ ಬರಲೋ ಬೇಡವೋ ಎನ್ನುವಂಥ ಮೀಸೆ. ಅವನು ತಾಯಿಯ ಕಡೆ ನೋಡಲಿಲ್ಲ.

ಸರ್ಕಾರಿ ವಕೀಲರು ಒಳ್ಳೆಯ ಮಾತುಗಾರರು. ಮಿಲ್ಲಿನ ರಿಜಿಸ್ಟರಿನಲ್ಲಿ ಶಾಯಿಯಲ್ಲಿ ಬರೆದದ್ದು ಒಂದು ಕಡೆ, ಇಪ್ಪತ್ತೊಂದು ವರ್ಷದ ಕೆಳಗಿನ ಬೋಳು ತಲೆ ಇನ್ನೊಂದು ಕಡೆ. ಬೋಳು ತಲೆಯನ್ನು ದಾಖಲೆ ಎಂದು ಒಪ್ಪುವುದಾದರೆ ನಾಳೆಯಿಂದ ಕೋರ್ಟಿನಲ್ಲಿ ಒಬ್ಬ ಕ್ಷೌರದವನನ್ನು ಖಾಯಂ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಎಲ್ಲರೂ ನಕ್ಕರು. ಸಾಕ್ಷಿ ಹೇಳಲು ನಿಂತಿದ್ದ ಮುದುಕರೂ, ಇಂಗ್ಲಿಷು ತಿಳಿಯದಿದ್ದರೂ, ಮರ್ಯಾದೆಗೆ ನಕ್ಕರು. ನಮ್ಮ ವಕೀಲರು ಮಾತ್ರ ನಗಲಿಲ್ಲ. “ತಪ್ಪು ಮಾಡಿದ್ದಾನೆ, ಒಪ್ಪಿದ್ದಾನೆ. ತಾಯಿಯೂ ತಪ್ಪು ಮಾಡಿದ್ದಾಳೆ, ಅವಳೂ ಒಪ್ಪಿದ್ದಾಳೆ. ಎರಡನ್ನೂ ಅವರ ಬಾಯಿಂದಲೇ ನಾವು ತಿಳಿದದ್ದು. ಸುಳ್ಳು ಹೇಳಿದ ದಿನ ಅವಳನ್ನು ನಂಬಿದವರು, ನಿಜ ಹೇಳಿದ ದಿನ ನಂಬಬಾರದೇ?” ಎಂದು ಹೇಳಿ ಕೂತುಬಿಟ್ಟರು.

ಜಡ್ಜ್ ಸಾಹೇಬರು ಐವತ್ತರ ಹತ್ತಿರದವರು. ಮೈಸೂರಿನಲ್ಲೇ ಓದಿದವರು ಎಂದು ಕೇಳಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುದುಕರ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು:

“ಆವತ್ತು ತಲೆ ನೆನೆಸೋಕೆ ಬಿಸಿನೀರಿತ್ತಾ?”

ಮುದುಕರು ತಬ್ಬಿಬ್ಬಾದರು. “ಬಿಸ್ನೀರು ಎಲ್ಲಿಂದ ಬತ್ತದೆ ಬುದ್ದಿ? ಒಲೇನೇ ಹಚ್ಚಿರ್ನಿಲ್ಲವಲ್ಲ ಆವತ್ತು ಯಾರೂವೆ. ತಣ್ಣೀರು. ನಲ್ಲಿ ನೀರು. ಉರೀತದೆ ಅಂತ ಎಲ್ರೂ ಅಂದ್ರು.”

ಜಡ್ಜ್ ಸಾಹೇಬರ ಕೈ ಮೆಲ್ಲಗೆ ಮೇಲೆ ಹೋಗಿ ತಮ್ಮ ನೆತ್ತಿಯನ್ನು ಸವರಿತು. ಹಾಗೆ ಸವರಿದ್ದು ಅವರಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ನಾನು ನಮ್ಮ ವಕೀಲರ ಬೂಟಿನ ಕಡೆ ನೋಡಿದೆ. ಎಡಗಾಲಿನ ಬೂಟಿನ ತುದಿಯ ಚರ್ಮ ಒಂದೇ ಸಮನೆ ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ನಿಂತಿತು.

ಒಂದು ವಾರದ ಮೇಲೆ ತೀರ್ಪು ಬಂತು. ಸಜೆ ರದ್ದಾಯಿತು. ಎರಡು ವರ್ಷ ಒಳ್ಳೆಯ ನಡತೆಯಲ್ಲಿರುತ್ತೇನೆ ಎಂದು ಹುಡುಗ ಮುಚ್ಚಳಿಕೆ ಬರೆದುಕೊಡಬೇಕು, ಒಬ್ಬರು ಹೊಣೆ ನಿಲ್ಲಬೇಕು. ಯಾರು ಎಂದು ನಾವು ಯೋಚಿಸುವುದರೊಳಗೆ ಕ್ಷೌರದ ಅಂಗಡಿಯ ಮುದುಕರು ಮುಂದೆ ಬಂದು, ಅಪ್ಪನ ತಲೆ ನನ್ನ ಕೈಲಿತ್ತು, ಮಗನದೂ ಇರಲಿ ಎಂದರು.

ಅವತ್ತು ಸಂಜೆ ಹುಡುಗ ತಾಯಿಯ ಜೊತೆ ಮನೆಗೆ ಬಂದು ವಕೀಲರ ಕಾಲಿಗೆ ಬಿದ್ದ. ಇವರು ಉಪದೇಶ ಮಾಡುತ್ತಾರೆ ಎಂದು ನಾನು ಕಾದೆ. ಎಷ್ಟೋ ದಿನದಿಂದ ತಡೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವರು ಕೇಳಿಯೇ ಬಿಟ್ಟರು: “ಅದಿರಲಿ, ಹೆಣ್ಣು ಒಪ್ಪಿದಳೇನೋ?”

“ಸೈಕಲ್ ನೋಡಿ ಒಪ್ಪಿದ್ರು ಸ್ವಾಮಿ,” ಎಂದ ಹುಡುಗ. “ಆಮ್ಯಾಕೆ ಸೈಕಲ್ಲಿನ ಇಸ್ಯ ಕೇಳಿ ಬ್ಯಾಡ ಅಂದ್ರು.”

ಒಳಗಿನಿಂದ ಅಮ್ಮನವರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು.

ಮಿಲ್ಲಿನವರು ಅವನನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಸೌದೆ ಡಿಪೋದಲ್ಲಿ ಕೆಲಸ ಮಾಡಿದ, ಆಮೇಲೆ ಮಂಡಿಯಲ್ಲಿ ಮೂಟೆ ಹೊತ್ತ. ಆಗೀಗ ತಾಯಿಯ ಬುಟ್ಟಿ ಹೊತ್ತುಕೊಂಡು ನಮ್ಮ ಬೀದಿಗೆ ಬರುತ್ತಿದ್ದ. ಮೂರು ನಾಲ್ಕು ವರ್ಷದ ಮೇಲೆ ಒಂದು ಹಳೆಯ ಸೈಕಲ್ ಕೊಂಡ. ಅದರ ರಸೀದಿಯನ್ನು ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿ ಸದಾ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ ಎಂದು ತಾಯಿ ಹೇಳಿ ನಗುತ್ತಿದ್ದಳು. ವಕೀಲರು ಒಮ್ಮೆ ಆ ರಸೀದಿಯನ್ನು ಇಸಿದುಕೊಂಡು ಓದಿ, ಇದು ಯಾವ ಮಳೆಗೆ ನೆನೆದದ್ದು ಎಂದು ಕೇಳಿದರು.

ನಾನು ಮುಂದೆ ಸರ್ಕಾರಿ ಪರೀಕ್ಷೆ ಪಾಸಾಗಿ ಕೋರ್ಟಿನಲ್ಲೇ ಸ್ಟೆನೋ ಆದೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯವರ ಮಾತು ಬರೆದುಕೊಂಡೆ. ವಯಸ್ಸು ಎಂಬ ಅಂಕಣ ಬಂದಾಗಲೆಲ್ಲ ಇಂದಿಗೂ ನನ್ನ ಬೆರಳು ಒಂದು ಕ್ಷಣ ತಡೆಯುತ್ತದೆ. ಕಾಗದಕ್ಕೆ ಯಾರು ಹೇಳಿದರು ಎಂದು ಯಾರೋ ಬೆನ್ನ ಹಿಂದೆ ಕೇಳಿದಂತಾಗುತ್ತದೆ. ಬೇರೆಯವರ ಬದುಕಿನ ಬಗ್ಗೆ ತಿಳಿದುಕೊಳ್ಳಬೇಕು ಅನ್ನಿಸುವುದನ್ನು ನನಗೆ ಕಲಿಸಿದವರು ಆ ವಕೀಲರು. ನಾಚಿಕೆಪಟ್ಟುಕೊಂಡು ಕಲಿತದ್ದರಿಂದ ಅದು ಮರೆತುಹೋಗಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಕಾಫಿ ಕುಡಿದು ಪೇಪರು ಬಿಡಿಸಿಕೊಂಡ ವಕೀಲರು ಹಾಗೆಯೇ ಹೋಗಿಬಿಟ್ಟರು. ನಾನು ಓಡಿಹೋದಾಗ ನಡುಮನೆಯಲ್ಲಿ ಮಲಗಿಸಿದ್ದರು. ಕಾಲಿನ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಎಲ್ಲರೂ ಅವರ ಮುಖ ನೋಡಿ ಅಳುತ್ತಿದ್ದರು. ನನಗೆ ಅಳು ಬಂದದ್ದು ಆ ದಾರ ಕಂಡು. ಅಮ್ಮನವರು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, “ಇಷ್ಟು ಹೊತ್ತಿಗೆ ಕೋಣದ ಮೇವಿನ ವಿಷಯ ಕೇಳಿರ್ತಾರೆ ಕಣೆ,” ಎಂದರು. ಹಾಗೆನ್ನುತ್ತಲೇ ಬಿಕ್ಕಿದರು.

ಅವರಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ ಬಂದು ಕರ್ಮ ಮಾಡಿದ. ಹದಿಮೂರನೆಯ ದಿನ ಮನೆಯ ತುಂಬ ಜನ, ವಕೀಲರು, ಕಕ್ಷಿದಾರರು. ಎಲೆ ತರಲೆಂದು ಹಿತ್ತಲಿಗೆ ಹೋದೆ. ಬಾವಿಯ ಹತ್ತಿರ ಒಂದು ಸೈಕಲ್ ಒರಗಿತ್ತು. ಅದರ ಪಕ್ಕದಲ್ಲಿ ಆ ಹುಡುಗ ನಿಂತಿದ್ದ. ಹುಡುಗ ಎಂದರೆ ಆಗ ಮೂವತ್ತರ ಹತ್ತಿರದ ಗಂಡಸು. ತಲೆ ನುಣ್ಣಗೆ ಬೋಳು. ಅಪ್ಪನ ಹಾಗೆಯೇ ದಪ್ಪಗೆ ಬೆಳೆಸಿಕೊಂಡಿದ್ದ ಮೀಸೆಯೂ ಇರಲಿಲ್ಲ.

ಸೊಪ್ಪು ತರುತ್ತಿದ್ದ ಅವನ ತಾಯಿ ಮೂರು ವಾರದಿಂದ ಕಂಡಿರಲಿಲ್ಲ.

“ಅಯ್ಯೋ, ಅಮ್ಮ ಹೋದರೇನಪ್ಪಾ?” ಎಂದೆ.

“ಇಲ್ಲ ಅಮ್ಮಾವ್ರೆ,” ಎಂದ ಅವನು. “ನಮ್ಮವ್ವ ಗಟ್ಟಿಮುಟ್ಟಾಗವ್ಳೆ.”